ಮೊದಲು ಮುಟ್ಟಿದವರಿಗೇ ನಷ್ಟ: ಗೋ ಆಟದ ‘ಸೆಕಿ’ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಗೋ ಆಟದ ಪರಿಚಯ ಬರೆದಿದ್ದೆ. ಅದರಲ್ಲಿ ‘ಎರಡು ಕಣ್ಣಿದ್ದರೆ ಗುಂಪು ಬದುಕುತ್ತದೆ, ಇಲ್ಲದಿದ್ದರೆ ಸಾಯುತ್ತದೆ’ ಅಂತ ಒಂದು ಸಾಲಿತ್ತು. ಬಂದ ಪತ್ರಗಳಲ್ಲಿ ಮುಕ್ಕಾಲು ಭಾಗ ಆ ಒಂದು ಸಾಲನ್ನೇ ಹಿಡಿದು ಕೇಳಿವೆ. ಕೇಳಿದ್ದು ಸರಿ, ಆ ಸಾಲು ಅರ್ಧ ಮಾತ್ರ ನಿಜ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಉಳಿದರ್ಧಕ್ಕೆ.

ಹೋದ ಸಂಚಿಕೆ ಓದದವರಿಗೆ ಎರಡು ಮಾತು. ಗೋ ಬೋರ್ಡಿನಲ್ಲಿ ಅಡ್ಡ 19, ಉದ್ದ 19 ಗೆರೆ. ಗೆರೆಗಳು ಸೇರುವ 361 ಜಾಗಗಳಲ್ಲಿ ಕಪ್ಪು, ಬಿಳಿ ಕಲ್ಲು ಇಡುತ್ತಾ ಹೋಗುತ್ತೇವೆ. ಇಟ್ಟ ಕಲ್ಲನ್ನು ಸರಿಸುವ ಹಾಗಿಲ್ಲ. ಕಲ್ಲಿನ ಪಕ್ಕದಲ್ಲಿ ಗೆರೆಯ ಮೇಲಿರುವ ಖಾಲಿ ಜಾಗ ಆ ಕಲ್ಲಿನ ಉಸಿರು (ಚೀನಿಯರು ಇದನ್ನು ‘ಚಿ’ ಅನ್ನುತ್ತಾರೆ, ಅದರ ಅರ್ಥವೂ ಉಸಿರು ಅಂತಲೇ). ಉಸಿರೆಲ್ಲ ಮುಚ್ಚಿಹೋದರೆ ಕಲ್ಲು ಬೋರ್ಡಿನಿಂದ ಎದ್ದುಹೋಗುತ್ತದೆ. ಒಂದು ಗುಂಪು ಒಳಗಡೆ ಸುತ್ತುವರಿದು ಇಟ್ಟುಕೊಂಡ ಖಾಲಿ ಜಾಗ ಅದರ ಕಣ್ಣು. ಎರಡು ಕಣ್ಣಿದ್ದರೆ ಎದುರಾಳಿ ಎರಡನ್ನೂ ಒಟ್ಟಿಗೆ ಮುಚ್ಚಲಾರ, ಆದ್ದರಿಂದ ಆ ಗುಂಪು ಸಾಯುವುದಿಲ್ಲ.

ಪ್ರಶ್ನೆ: ಅಮೆರಿಕದಿಂದ ರಜೆಗೆ ಬಂದ ಮೊಮ್ಮಗ ಗೋ ಕಲಿಸಿಕೊಟ್ಟ. ಒಂದು ಆಟದ ಕೊನೆಯಲ್ಲಿ ಮೂಲೆಯಲ್ಲಿ ನನ್ನ ಗುಂಪಿಗೂ ಎರಡು ಕಣ್ಣಿಲ್ಲ, ಅವನ ಗುಂಪಿಗೂ ಇಲ್ಲ. ‘ಇದು ಸೆಕಿ ತಾತಾ, ಹಾಗೇ ಬಿಟ್ಟುಬಿಡಿ’ ಅಂದ. ಯಾರಾದರೂ ಒಬ್ಬರು ಸಾಯಬೇಕಲ್ವಾ?
ನಿವೃತ್ತ ಶಿಕ್ಷಕರು, ಮೈಸೂರು

ಮೊಮ್ಮಗ ಹೇಳಿದ್ದು ಸರಿ ಸರ್. ಯಾರೂ ಸಾಯಬೇಕಾಗಿಲ್ಲ.

ಮನೆಯಲ್ಲಿ ಬೋರ್ಡ್ ಇದೆಯಲ್ಲ, ಒಮ್ಮೆ ಇಟ್ಟು ನೋಡಿ. ಎಡಗಡೆಯ ಕೆಳಮೂಲೆ ತೆಗೆದುಕೊಳ್ಳಿ. ಕೆಳಗಿನ ಅಂಚಿನ ಗೆರೆಯಲ್ಲಿ ಮೂಲೆಯಿಂದ 1, 2, 3 ಅಂತ ಎಣಿಸುತ್ತಾ 2, 3, 4ರಲ್ಲಿ ಬಿಳಿ ಕಲ್ಲು ಇಡಿ. 1 ಮತ್ತು 5 ಖಾಲಿ ಇರಲಿ. 6ರಲ್ಲಿ ಕಪ್ಪು. ಅದರ ಮೇಲಿನ ಎರಡನೇ ಗೆರೆಯಲ್ಲಿ 1ರಿಂದ 6ರವರೆಗೆ ಆರೂ ಕಪ್ಪು. ಈಗ ಕಪ್ಪಿನ ಏಳು ಕಲ್ಲು ಒಂದು ಗುಂಪಾಗಿ ಬಿಳಿಯ ಮೂರು ಕಲ್ಲನ್ನು ಅಂಚಿಗೆ ಒತ್ತಿ ಹಿಡಿದಿದೆ. ಇನ್ನು ಹೊರಗಿನಿಂದ ಬಿಳಿ ಬೇಲಿ ಹಾಕಿ: ಮೂರನೇ ಗೆರೆಯಲ್ಲಿ 1ರಿಂದ 7ರವರೆಗೆ, ಜೊತೆಗೆ ಎರಡನೇ ಗೆರೆಯ 7 ಮತ್ತು ಅಂಚಿನ 7. ಈ ಹೊರಗಿನ ಬಿಳಿ ಗುಂಪಿಗೆ ಬೇರೆ ಕಡೆ ಎರಡು ಕಣ್ಣಿದೆ, ಅದು ಗಟ್ಟಿಯಾಗಿ ಬದುಕಿದೆ ಅಂದುಕೊಳ್ಳೋಣ.

ಕಪ್ಪಿಗೆ ಉಳಿದಿರುವ ಉಸಿರು ಎರಡೇ, 1 ಮತ್ತು 5. ಒಳಗಿನ ಬಿಳಿ ಕಲ್ಲುಗಳಿಗೂ ಅವೇ ಎರಡು. ಈಗ ಕಪ್ಪು ಆತುರಪಟ್ಟು 1ರಲ್ಲಿ ಇಟ್ಟರೆ ತನ್ನ ಉಸಿರನ್ನೂ ಮುಚ್ಚಿಕೊಂಡ ಹಾಗಾಯಿತು. ಬಿಳಿ 5ರಲ್ಲಿ ಇಡುತ್ತಾನೆ, ಕಪ್ಪಿನ ಇಡೀ ಗುಂಪು ಎದ್ದುಹೋಗುತ್ತದೆ. ಸರಿ, ಬಿಳಿಯೇ ಮೊದಲು 1ರಲ್ಲಿ ಇಟ್ಟರೆ? ಒಳಗೆ ನಾಲ್ಕು ಬಿಳಿ ಕಲ್ಲಾಯಿತು, ಕಪ್ಪು 5ರಲ್ಲಿ ಇಟ್ಟು ನಾಲ್ಕನ್ನೂ ಎತ್ತುತ್ತಾನೆ. ಸಾಲಾಗಿ ನಾಲ್ಕು ಖಾಲಿ ಜಾಗ ಸಿಕ್ಕರೆ ಬಿಳಿ ಒಳಗೆ ಎಲ್ಲೇ ಇಟ್ಟರೂ ಕಪ್ಪು ಎರಡು ಕಣ್ಣು ಮಾಡಿಕೊಳ್ಳುತ್ತಾನೆ. ಅಂದರೆ ಯಾರು ಮೊದಲು ಒಳಗೆ ಕೈ ಹಾಕಿದರೂ ಅವರಿಗೇ ನಷ್ಟ. ಹಾಗಾಗಿ ಇಬ್ಬರೂ ಮುಟ್ಟುವುದಿಲ್ಲ, ಎರಡೂ ಗುಂಪು ಬದುಕಿಯೇ ಆಟ ಮುಗಿಯುತ್ತದೆ. ಜಪಾನಿನ ಹೆಸರು ಸೆಕಿ. ಚೀನಾದಲ್ಲಿ ‘ಶ್ವಾಂಗ್ ಹ್ವೊ’, ಎರಡೂ ಬದುಕು ಅಂತ ನೇರ ಅರ್ಥ.

ಇದನ್ನೇ ಒಂದು ಜಾಗ ಕಮ್ಮಿ ಮಾಡಿ ನೋಡಿ. ಅಂಚಿನಲ್ಲಿ ಐದರ ಬದಲು ನಾಲ್ಕೇ ಜಾಗ, ನಡುವೆ ಮೂರರ ಬದಲು ಎರಡು ಬಿಳಿ ಕಲ್ಲು. ನೋಡುವುದಕ್ಕೆ ಅದೇ ಆಕಾರ. ಆದರೆ ಇಲ್ಲಿ ಕಪ್ಪು ಸತ್ತಿದೆ! ಬಿಳಿ ಇನ್ನೊಂದು ಕಲ್ಲು ಸೇರಿಸಿ ಮೂರನ್ನೂ ಬಲಿ ಕೊಡುತ್ತಾನೆ, ಕಪ್ಪು ಎತ್ತಿದ ಮೇಲೆ ಉಳಿಯುವ ಮೂರು ಜಾಗದ ನಡುವೆ ಇಡುತ್ತಾನೆ, ಕಪ್ಪಿಗೆ ಎರಡನೇ ಕಣ್ಣು ಆಗುವುದೇ ಇಲ್ಲ. ಆದ್ದರಿಂದ ಸೆಕಿ ಹೌದೋ ಅಲ್ಲವೋ ಅಂತ ಆಕಾರ ನೋಡಿ ಹೇಳಬೇಡಿ ಸರ್. ‘ಇವರು ಇಟ್ಟರೆ ಏನಾಗುತ್ತದೆ, ಅವರು ಇಟ್ಟರೆ ಏನಾಗುತ್ತದೆ’ ಅಂತ ಎರಡು ಸಲ ಮನಸ್ಸಿನಲ್ಲೇ ಆಡಿ ನೋಡಬೇಕು.

ಇನ್ನೊಂದು ಮಾತು ಹೇಳಲೇಬೇಕು. ಗೋದಲ್ಲಿ ‘ಪಾಸ್’ ಅನ್ನಬಹುದು, ಅದಕ್ಕೇ ಸೆಕಿ ಸಾಧ್ಯ. ಚೆಸ್ಸಿನಲ್ಲಿ ಸರದಿ ಬಂದಾಗ ಏನಾದರೂ ನಡೆಸಲೇಬೇಕು. ಎಷ್ಟೋ ಆಟ ‘ನಡೆಸಬೇಕಾಗಿ ಬಂತು’ ಅನ್ನುವ ಒಂದೇ ಕಾರಣಕ್ಕೆ ಸೋಲುತ್ತವೆ. ಗೋದಲ್ಲಿ ಆ ಒತ್ತಾಯ ಇಲ್ಲ. ಪಾಸ್ ಇಲ್ಲದಿದ್ದರೆ ಆಟದ ಕೊನೆಯಲ್ಲಿ ಒಬ್ಬರು ಆ 1ರಲ್ಲೋ 5ರಲ್ಲೋ ಇಡಲೇಬೇಕಾಗುತ್ತಿತ್ತು, ಬೋರ್ಡಿನ ಮೇಲೆ ಒಂದು ಸೆಕಿಯೂ ಉಳಿಯುತ್ತಿರಲಿಲ್ಲ.

ಪ್ರಶ್ನೆ: ‘ಒಂದು ಕಣ್ಣಿರುವ ಗುಂಪು ಕಣ್ಣಿಲ್ಲದ ಗುಂಪನ್ನು ಕೊಲ್ಲುತ್ತದೆ’ ಅಂತ ಕಲಿತಿದ್ದೇನೆ. ಆದರೆ ಮೊನ್ನೆ ನನ್ನ ಕಣ್ಣಿಲ್ಲದ ಕಪ್ಪು ಗುಂಪು ಎರಡು ಬಿಳಿ ಗುಂಪುಗಳ ನಡುವೆ ಸಿಕ್ಕಿತ್ತು. ಆ ಎರಡಕ್ಕೂ ಒಂದೊಂದು ಕಣ್ಣಿತ್ತು. ಆದರೂ ಎದುರಾಳಿಗೆ ನನ್ನನ್ನು ಕೊಲ್ಲಲು ಆಗಲಿಲ್ಲ. ಅವರಿಗೆ ಗೊತ್ತಾಗಲಿಲ್ಲವೋ, ನಿಜವಾಗಿಯೂ ಆಗುವುದಿಲ್ಲವೋ?
ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಈ ಪತ್ರ ಓದಿ ತುಂಬಾ ಖುಷಿಯಾಯಿತು. ನಿಮಗೆ ಸಿಕ್ಕಿದ್ದು ಮೂರು ಗುಂಪುಗಳ ಸೆಕಿ. ಎದುರಾಳಿಗೆ ಗೊತ್ತಾಗಲಿಲ್ಲ ಅಂತಲ್ಲ, ನಿಜವಾಗಿಯೂ ಆಗುವುದಿಲ್ಲ.

ಮೊದಲು ಆ ಮಾತು ಎಲ್ಲಿ ಹುಟ್ಟುತ್ತದೆ ನೋಡೋಣ. ಎರಡೇ ಗುಂಪು ಇದ್ದಾಗ, ಒಂದಕ್ಕೆ ಕಣ್ಣಿದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಕಣ್ಣಿರುವವನು ನಡುವಿನ ಉಸಿರನ್ನು ನಿಧಾನವಾಗಿ ತುಂಬಬಹುದು. ಅವನಿಗೆ ಒಳಗೆ ಇನ್ನೊಂದು ಉಸಿರು ಯಾವಾಗಲೂ ಇರುತ್ತದೆ. ಕಣ್ಣಿಲ್ಲದವನು ಅದೇ ಉಸಿರನ್ನು ತುಂಬಿದರೆ ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡ ಹಾಗೆ. ಅದಕ್ಕೇ ಕಣ್ಣಿರುವವರು ಗೆಲ್ಲುತ್ತಾರೆ. ಇಬ್ಬರಿಗೂ ಒಂದೊಂದು ಕಣ್ಣಿದ್ದು ನಡುವೆ ಒಂದೇ ಉಸಿರು ಹಂಚಿಕೊಂಡಿದ್ದರೆ ಮತ್ತೆ ಸೆಕಿ.

ಈಗ ನಿಮ್ಮ ಆಟಕ್ಕೆ ಬರೋಣ. ನಡುವೆ ನಿಮ್ಮ ಕಪ್ಪು ಗುಂಪು, ಕಣ್ಣಿಲ್ಲ. ಎಡಗಡೆಯ ಬಿಳಿ ಗುಂಪಿಗೆ ಒಂದು ಕಣ್ಣು, ನಿಮಗೂ ಅದಕ್ಕೂ ನಡುವೆ ಒಂದು ಉಸಿರು. ಬಲಗಡೆಯ ಬಿಳಿ ಗುಂಪಿಗೂ ಒಂದು ಕಣ್ಣು, ನಿಮಗೂ ಅದಕ್ಕೂ ನಡುವೆ ಇನ್ನೊಂದು ಉಸಿರು. ಎರಡು ಬಿಳಿ ಗುಂಪುಗಳೂ ಒಂದಕ್ಕೊಂದು ಸೇರಿಲ್ಲ, ಹೊರಗಡೆ ಎರಡನ್ನೂ ಗಟ್ಟಿಯಾದ ಕಪ್ಪು ಸುತ್ತುವರಿದಿದೆ. ಹೀಗೇ ಇತ್ತು ಅಲ್ವಾ?

ಬಿಳಿ ನಿಮ್ಮನ್ನು ಕೊಲ್ಲಲು ಬಂದ ಅಂದುಕೊಳ್ಳಿ. ಎಡಗಡೆಯ ಉಸಿರನ್ನು ತುಂಬುತ್ತಾನೆ. ಈಗ ನಿಮಗೆ ಉಳಿದದ್ದು ಬಲಗಡೆಯ ಒಂದೇ ಉಸಿರು, ಮುಂದಿನ ನಡೆಗೆ ನೀವು ಸಾಯುತ್ತೀರಿ. ಆದರೆ ಅವನ ಎಡಗಡೆಯ ಗುಂಪಿಗೂ ಈಗ ಒಳಗಿನ ಕಣ್ಣೊಂದೇ ಉಸಿರು! ಸರದಿ ನಿಮ್ಮದು. ಆ ಕಣ್ಣಿನೊಳಗೇ ನೀವು ಕಲ್ಲು ಇಡುತ್ತೀರಿ, ಎಡಗಡೆಯ ಬಿಳಿ ಗುಂಪು ಪೂರ್ತಿ ಎದ್ದುಹೋಗುತ್ತದೆ, ನೀವು ಹೊರಗಿನ ಕಪ್ಪಿಗೆ ಸೇರಿಕೊಳ್ಳುತ್ತೀರಿ. ಬಲಗಡೆಯಿಂದ ಬಂದರೂ ಇದೇ ಕಥೆ. ಇನ್ನು ನೀವೇ ಮೊದಲು ಎಡಗಡೆಯ ಉಸಿರನ್ನು ತುಂಬಿದರೆ? ನಿಮಗೆ ಉಳಿಯುವುದು ಬಲಗಡೆಯದು ಒಂದೇ, ಬಿಳಿ ಅದನ್ನು ಮುಚ್ಚುತ್ತಾನೆ, ನೀವು ಹೋದಿರಿ. ಹಾಗಾಗಿ ಮೂವರೂ ಸುಮ್ನೆ ಕೂರಬೇಕು.

ಸೆಕಿ ಅಂದರೆ ಸಂಧಾನ, ಶಾಂತಿ ಅಂತ ಕೆಲವರು ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗೆ ಅನ್ನಿಸುವುದಿಲ್ಲ. ಈ ಮೂರು ಗುಂಪುಗಳ ಜೀವ ಒಂದೇ ದಾರದಲ್ಲಿ ಪೋಣಿಸಿದೆ. ಎಡಗಡೆಯ ಬಿಳಿ ಹೇಗೋ ಇನ್ನೊಂದು ಕಣ್ಣು ಮಾಡಿಕೊಂಡಿತು ಅನ್ನಿ, ಆ ಕ್ಷಣಕ್ಕೆ ನೀವು ಸತ್ತಿರಿ, ಯಾಕೆಂದರೆ ಈಗ ಅವನು ಎಡಗಡೆಯ ಉಸಿರನ್ನು ಹೆದರದೆ ತುಂಬಬಹುದು. ಅದೇ ಎಡಗಡೆಯ ಬಿಳಿ ಯಾವುದೋ ಕಾರಣಕ್ಕೆ ಸತ್ತರೆ ನೀವು ಬದುಕುತ್ತೀರಿ, ಜೊತೆಗೆ ಏನೂ ತಪ್ಪು ಮಾಡದ ಬಲಗಡೆಯ ಬಿಳಿ ಗುಂಪೂ ಸಾಯುತ್ತದೆ. ಹೊರಗಿನ ನಿಮ್ಮ ಕಪ್ಪು ಬೇಲಿ ಒಡೆದು ಎರಡು ಬಿಳಿ ಗುಂಪುಗಳು ಕೈ ಹಿಡಿದರೂ ಅಷ್ಟೇ, ಅವಕ್ಕೆ ಸೇರಿ ಎರಡು ಕಣ್ಣಾಯಿತು, ನಡುವಿನ ನಿಮ್ಮ ಗುಂಪು ಮುಗಿಯಿತು. ಬೋರ್ಡಿನ ಇನ್ನೊಂದು ತುದಿಯಲ್ಲಿ ನಡೆಯುವ ಜಗಳ ಈ ಬೇಲಿಗೆ ತಾಗಿದರೂ ಇಲ್ಲಿ ಲೆಕ್ಕ ಬದಲಾಗುತ್ತದೆ. ನಾನು ಆಡುವಾಗ ಇಂಥ ಸೆಕಿ ಬಿದ್ದರೆ ಅದರ ಸುತ್ತಲಿನ ಬೇಲಿಯ ಉಸಿರನ್ನು ಐದಾರು ನಡೆಗೆ ಒಮ್ಮೆ ಎಣಿಸುತ್ತೇನೆ. ಹಾಗೆ ಎಣಿಸದೆ ಬಿಟ್ಟು, ಹೊರಗಿನ ನನ್ನ ಗುಂಪು ಸತ್ತ ಮೇಲೆ ಒಳಗಿನ ಸೆಕಿಯೂ ಕುಸಿದು ಆಟ ಕಳೆದುಕೊಂಡ ದಿನ ಇನ್ನೂ ನೆನಪಿದೆ.

ಪ್ರಶ್ನೆ: ಒಂದೇ ಆಟವನ್ನು ಜಪಾನಿನ ನಿಯಮದಲ್ಲಿ ಎಣಿಸಿದರೆ ನಾನು ಸೋಲುತ್ತೇನೆ, ಚೀನಾದ ನಿಯಮದಲ್ಲಿ ಎಣಿಸಿದರೆ ಗೆಲ್ಲುತ್ತೇನೆ. ಒಂದು ಸೆಕಿಯಿಂದ ಹೀಗಾಯಿತು ಅಂತ ಸ್ನೇಹಿತರು ಹೇಳಿದರು. ಹೇಗೆ?
ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಜಪಾನಿನಲ್ಲಿ ಎಣಿಸುವುದು ಸುತ್ತುವರಿದ ಖಾಲಿ ಜಾಗ ಮತ್ತು ಸೆರೆ ಹಿಡಿದ ಕಲ್ಲು. ಸೆಕಿಯಲ್ಲಿರುವ ಗುಂಪಿನ ಕಣ್ಣಿಗೆ ಅಲ್ಲಿ ಅಂಕ ಇಲ್ಲ. 1989ರಲ್ಲಿ ತಿದ್ದಿದ ನಿಯಮ ಇದನ್ನು ಚೊಕ್ಕವಾಗಿ ಹೇಳುತ್ತದೆ: ಬದುಕಿರುವ ಗುಂಪಿನ ಪಕ್ಕದಲ್ಲಿ ಯಾರಿಗೂ ಸೇರದ ಖಾಲಿ ಜಾಗ ಉಳಿದಿದ್ದರೆ ಅದು ಸೆಕಿ, ಅದರ ಕಣ್ಣು ಲೆಕ್ಕಕ್ಕಿಲ್ಲ. ಚೀನಾದಲ್ಲಿ ಬೋರ್ಡಿನ ಮೇಲೆ ಬದುಕಿರುವ ಕಲ್ಲು, ಅದು ಸುತ್ತುವರಿದ ಜಾಗ ಎರಡನ್ನೂ ಎಣಿಸುತ್ತಾರೆ. ಸೆಕಿಯ ಕಣ್ಣಿಗೂ ಅಂಕ ಉಂಟು. ನಡುವೆ ಹಂಚಿಕೊಂಡ ಖಾಲಿ ಜಾಗವನ್ನು ಅರ್ಧರ್ಧ ಹಂಚುತ್ತಾರೆ. ಹುಬ್ಬಳ್ಳಿಯವರ ಆಟವನ್ನೇ ನೋಡಿ. ಜಪಾನಿನಲ್ಲಿ ಬಿಳಿಯ ಎರಡು ಕಣ್ಣಿಗೆ ಸೊನ್ನೆ, ಚೀನಾದಲ್ಲಿ ಎರಡು ಅಂಕ. ಅರ್ಧ ಅಂಕದಲ್ಲಿ ಗೆಲುವು ನಿರ್ಧಾರವಾಗುವ ಆಟದಲ್ಲಿ ಎರಡು ಅಂಕ ಅಂದರೆ ಎಷ್ಟು ದೊಡ್ಡದು ನೋಡಿ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಲೆಕ್ಕ ಇಷ್ಟಪಡುವವರಿಗೆ ರುಚಿಸುತ್ತದೆ. 361 ಬೆಸ ಸಂಖ್ಯೆ. ಚೀನಾದ ಎಣಿಕೆಯಲ್ಲಿ ಎಲ್ಲ ಜಾಗವೂ ಯಾರಾದರೊಬ್ಬರಿಗೆ ಸೇರಿದರೆ ಇಬ್ಬರ ವ್ಯತ್ಯಾಸವೂ ಬೆಸವೇ ಆಗಬೇಕು: 5, 7, 9 ಹೀಗೆ. ಅಲ್ಲಿ ಮೊದಲು ಆಡುವ ಅನುಕೂಲಕ್ಕೆ ಬದಲಾಗಿ ಕಪ್ಪು ಬಿಳಿಗೆ ಕೊಡುವ ‘ಕೊಮಿ’ 7.5. ಕಪ್ಪು 7 ಮುಂದಿದ್ದರೆ ಅರ್ಧದಲ್ಲಿ ಸೋಲು, ಗೆಲ್ಲಬೇಕಾದರೆ 9 ಬೇಕು. ಆದರೆ ಒಂದೊಂದು ಕಣ್ಣು, ನಡುವೆ ಒಂದೇ ಉಸಿರು ಇರುವ ಸೆಕಿ ಬಿದ್ದಿತು ಅನ್ನಿ, ಆ ಒಂದು ಜಾಗ ಅರ್ಧರ್ಧ ಹಂಚಿಹೋಗಿ ವ್ಯತ್ಯಾಸ ಸಮ ಸಂಖ್ಯೆ ಆಗುತ್ತದೆ. ಕಪ್ಪು 8 ಮುಂದೆ ಇರಬಹುದು, ಅರ್ಧದಲ್ಲಿ ಗೆಲ್ಲಬಹುದು. ಮೂಲೆಯ ಒಂದು ಸಣ್ಣ ಸೆಕಿ ಇಡೀ ಬೋರ್ಡಿನ ಸಮ ಬೆಸವನ್ನೇ ತಿರುಗಿಸುತ್ತದೆ.

ಯಾವ ನಿಯಮ ಸರಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನಗೆ ಚೀನಾದ್ದು ಇಷ್ಟ. ಕಷ್ಟಪಟ್ಟು ಮಾಡಿದ ಕಣ್ಣಿಗೆ ಬೆಲೆ ಇರಬೇಕು, ಅಷ್ಟೇ.

ಪ್ರಶ್ನೆ: ಮೂಲೆಯಲ್ಲಿ ‘ಬಾಗಿದ ನಾಲ್ಕು’ ಅನ್ನುವುದು ಸೆಕಿ ಹಾಗೇ ಕಾಣುತ್ತದಲ್ಲ? ಅದನ್ನು ಯಾಕೆ ಸತ್ತಿದೆ ಅನ್ನುತ್ತಾರೆ?
ಉಡುಪಿ

ಸೆಕಿಯಲ್ಲಿ ಇಬ್ಬರಿಗೂ ಮುಟ್ಟಲು ಆಗಬಾರದು. ಬಾಗಿದ ನಾಲ್ಕರಲ್ಲಿ ಸಿಕ್ಕಿಹಾಕಿಕೊಂಡವನಿಗೆ ಮಾತ್ರ ಆಗುವುದಿಲ್ಲ. ಅವನ ಗುಂಪಿನೊಳಗೆ ಆಗಲೇ ಮೂರು ಕಲ್ಲು ಇಟ್ಟು ಹಿಡಿದವನು ತನಗೆ ಬೇಕಾದಾಗ ಇನ್ನೊಂದು ಕಲ್ಲು ಸೇರಿಸಿ, ಮೂಲೆಯಲ್ಲಿ ಬಾಗಿ ನಿಂತ ಆ ನಾಲ್ಕನ್ನೂ ಬಲಿ ಕೊಟ್ಟು, ಮತ್ತೆ ಒಳಗೆ ಇಟ್ಟು ಕೋ ಶುರು ಮಾಡಬಹುದು. ಕೋ ಅಂದರೆ ಒಂದೇ ಕಲ್ಲನ್ನು ಇಬ್ಬರೂ ಸರದಿಯ ಮೇಲೆ ಎತ್ತಬಹುದಾದ ಜಾಗ. ತಕ್ಷಣ ಮತ್ತೆ ಎತ್ತುವ ಹಾಗಿಲ್ಲ, ನಡುವೆ ಬೇರೆ ಕಡೆ ಒಂದು ಬೆದರಿಕೆಯ ನಡೆ, ಅಂದರೆ ಎದುರಾಳಿ ಉತ್ತರ ಕೊಡಲೇಬೇಕಾದ ನಡೆ, ಆಡಬೇಕು. ಹಿಡಿದವನು ಆಟದ ಕೊನೆವರೆಗೆ ಕಾದು, ಎದುರಾಳಿಯ ಬೆದರಿಕೆಗಳನ್ನೆಲ್ಲ ಮೊದಲೇ ತೀರಿಸಿ, ಆಮೇಲೆ ಕೋ ಶುರು ಮಾಡುತ್ತಾನೆ. ಅದಕ್ಕೇ ಜಪಾನಿನ ನಿಯಮದಲ್ಲಿ ಆಡಿ ತೋರಿಸದೆಯೇ ಅದು ಸತ್ತಿದೆ. ಚೀನಾದಲ್ಲಿ ಆಡಿ ತೋರಿಸಬೇಕು. ಬೋರ್ಡಿನಲ್ಲಿ ಬೇರೆ ಎಲ್ಲೋ ಒಂದು ಸೆಕಿ ಇದ್ದರೆ ಅಲ್ಲಿ ತೀರಿಸಲಾಗದ ಬೆದರಿಕೆ ಇರಬಹುದು, ಆಗ ಬಾಗಿದ ನಾಲ್ಕಿನಲ್ಲಿ ಸಿಕ್ಕಿದವನು ಉಳಿದುಕೊಳ್ಳುವುದೂ ಉಂಟು.

ಪ್ರಶ್ನೆ: ಗೋದಲ್ಲಿ ‘ಬೆಳದಿಂಗಳ ಬದುಕು’ ಅಂತ ಒಂದು ಸ್ಥಿತಿ ಇದೆಯಂತೆ. ಆಟಕ್ಕೆ ಇಷ್ಟು ಚೆಂದದ ಹೆಸರು ಯಾಕೆ ಬಂತು?
ಕನ್ನಡ ಎಂ.ಎ. ವಿದ್ಯಾರ್ಥಿನಿ, ಶಿವಮೊಗ್ಗ

ಚಂದ್ರನಿಗೆ ಸ್ವಂತ ಬೆಳಕಿಲ್ಲ, ಸೂರ್ಯನಿಂದ ಬರುತ್ತದೆ ಅಲ್ವಾ? ಇಲ್ಲೂ ಹಾಗೇ. ಸ್ವಂತ ಬಲದಿಂದ ಬದುಕಲಾರದ ಒಂದು ಗುಂಪು ಬೋರ್ಡಿನ ಇನ್ನೊಂದು ಮೂಲೆಯ ಸೆಕಿಯಿಂದ ಜೀವ ಕಡ ತರುತ್ತದೆ.

ಅದು ಸಾಮಾನ್ಯ ಸೆಕಿ ಅಲ್ಲ, ಜೋಡಿ ಕೋ ಸೆಕಿ. ಎರಡು ದೊಡ್ಡ ಗುಂಪುಗಳ ನಡುವೆ ಎರಡು ಕೋ ಇರುತ್ತವೆ. ಕಪ್ಪು ಒಂದನ್ನು ಎತ್ತಿದರೆ ಬಿಳಿ ಇನ್ನೊಂದನ್ನು ಎತ್ತುತ್ತಾನೆ, ಲೆಕ್ಕ ಸಮ. ಯಾರೂ ಯಾರನ್ನೂ ಕೊಲ್ಲಲಾರರು. ಆದರೆ ಪ್ರತಿ ಸಲ ಎತ್ತಿದಾಗಲೂ ‘ಉತ್ತರ ಕೊಡದಿದ್ದರೆ ನಿನ್ನ ಗುಂಪು ಹೋಗುತ್ತದೆ’ ಅನ್ನುವ ಬೆದರಿಕೆ ಇರುತ್ತದೆ, ಎದುರಾಳಿ ಉತ್ತರ ಕೊಡಲೇಬೇಕು. ಅಂದರೆ ಇದು ಎಂದೂ ಬತ್ತದ ಬೆದರಿಕೆಯ ಬಾವಿ. ಈಗ ಇನ್ನೊಂದು ಮೂಲೆಯಲ್ಲಿ ಕಪ್ಪಿನ ಒಂದು ಗುಂಪು ಸಾಯುವ ಸ್ಥಿತಿಯಲ್ಲಿದೆ, ಉಳಿಯಬೇಕಾದರೆ ಒಂದು ಕೋ ಗೆಲ್ಲುತ್ತಲೇ ಇರಬೇಕು. ಬಿಳಿ ಆ ಕೋ ಎತ್ತಿದಾಗ ಕಪ್ಪು ಜೋಡಿ ಕೋಗೆ ಹೋಗಿ ಬೆದರಿಸುತ್ತಾನೆ, ಬಿಳಿ ಅಲ್ಲೇ ಉತ್ತರ ಕೊಡುತ್ತಾನೆ, ಕಪ್ಪು ವಾಪಸ್ ಬಂದು ಮೂಲೆಯ ಕೋ ಎತ್ತುತ್ತಾನೆ. ಹೀಗೇ ಸುತ್ತುತ್ತಾ ಕೂರಬಹುದು.

ಜಪಾನಿನ 1989ರ ನಿಯಮ ಇದಕ್ಕೆ ತೆರೆ ಎಳೆದಿದೆ. ಆಟ ನಿಲ್ಲಿಸಿದ ಮೇಲೆ ಸಾವು ಬದುಕು ನೋಡುವಾಗ ಒಂದು ಕೋವನ್ನು ಮತ್ತೆ ಎತ್ತಬೇಕಾದರೆ ಆ ಕೋ ಹೆಸರಿನಲ್ಲೇ ಪಾಸ್ ಹೇಳಬೇಕು, ಬೇರೆ ಕಡೆಯ ಬೆದರಿಕೆ ನಡೆಯುವುದಿಲ್ಲ. ಹಾಗಾಗಿ ಬೆಳದಿಂಗಳ ಗುಂಪು ಅಲ್ಲಿ ಸತ್ತಿದೆ ಅಂತಲೇ ಲೆಕ್ಕ.

ನೀವು ಭಾಷೆ ಓದುವವರು, ನಿಮಗೆ ಇನ್ನೊಂದು ವಿಷಯ ಹೇಳಬೇಕು. ಈ ‘ಕೋ’ ಬರೆಯುವ ಅಕ್ಷರ ಇದೆಯಲ್ಲ, ಚೀನಾದ ಬೌದ್ಧರು ಸಂಸ್ಕೃತದ ‘ಕಲ್ಪ’ ಪದವನ್ನು ಬರೆಯಲು ಬಳಸಿದ್ದು ಅದೇ ಅಕ್ಷರವನ್ನು. ಬ್ರಹ್ಮನ ಒಂದು ಹಗಲು ಅಂತ ನಾವು ಹೇಳುತ್ತೇವಲ್ಲ, ಆ ಕಲ್ಪ. ಮುಗಿಯದೆ ಸುತ್ತುವ ಈ ಜಗಳಕ್ಕೆ ಅದಕ್ಕಿಂತ ಒಪ್ಪುವ ಅಕ್ಷರ ಬೇರೆ ಇಲ್ಲ ಅನ್ನಿಸುತ್ತದೆ. ‘ಹತ್ತು ಸಾವಿರ ವರ್ಷದ ಕೋ’ ಅನ್ನುವ ಸ್ಥಿತಿಯೂ ಇದೆ. ಇಬ್ಬರಿಗೂ ಕೈ ಹಾಕಲು ಹೆದರಿಕೆ, ಎಷ್ಟೋ ಹೊತ್ತು ಹಾಗೇ ಬಿದ್ದಿರುತ್ತದೆ. ಬಹಳ ಸಲ ಕೊನೆಗೆ ಒಬ್ಬರು ಕಲ್ಲು ಸೇರಿಸಿ ಅದನ್ನು ಸೆಕಿ ಮಾಡಿಬಿಡುತ್ತಾರೆ.

ಪ್ರಶ್ನೆ: ಹೀಗೆ ಸುತ್ತುತ್ತಲೇ ಇದ್ದರೆ ಆಟ ಮುಗಿಯುವುದು ಹೇಗೆ? ದೊಡ್ಡ ಆಟಗಾರರಿಗೂ ನಿಜವಾಗಿ ಹೀಗಾಗಿದೆಯೇ?
ಸಿಂಗಪುರದಿಂದ ಕನ್ನಡಿಗರೊಬ್ಬರು

ಆಗಿದೆ. ಜಪಾನ್, ಕೊರಿಯಾ ನಿಯಮದಲ್ಲಿ ಬೋರ್ಡಿನ ಸ್ಥಿತಿ ಮತ್ತೆ ಮತ್ತೆ ಮರಳಿ ಇಬ್ಬರೂ ಪಟ್ಟು ಬಿಡದಿದ್ದರೆ ‘ಫಲಿತಾಂಶ ಇಲ್ಲ’ ಅಂತ ಮುಗಿಸಿ ಇನ್ನೊಂದು ಆಟ ಆಡಿಸುವುದು ರೂಢಿ.

2012ರ ಸ್ಯಾಮ್‌ಸಂಗ್ ಕಪ್‌ನಲ್ಲಿ ಚೀನಾದ ಗು ಲಿ ಮತ್ತು ಕೊರಿಯಾದ ಲೀ ಸೆಡೋಲ್ ಎದುರಾದಾಗ ಬೋರ್ಡಿನ ಮೇಲೆ ನಾಲ್ಕು ಕೋ ಒಟ್ಟಿಗೆ ಬಿದ್ದವು. ಒಬ್ಬರು ಒಂದನ್ನು ಬಿಟ್ಟರೂ ದೊಡ್ಡ ಗುಂಪು ಸಾಯುತ್ತದೆ. ಇಬ್ಬರೂ ಬಿಡಲಿಲ್ಲ, ಆಟಕ್ಕೆ ಫಲಿತಾಂಶ ಇಲ್ಲದೆ ಹೋಯಿತು, ಮತ್ತೆ ಆಡಬೇಕಾಯಿತು. ಅದೇ ವರ್ಷ ಆ ಕಪ್‌ನ ಫೈನಲ್‌ನಲ್ಲೂ ಇವರಿಬ್ಬರೇ, ಲೀ ಸೆಡೋಲ್ 2-1ರಲ್ಲಿ ಗೆದ್ದರು.

ಇದಕ್ಕಿಂತಲೂ ಅಪರೂಪದ್ದು ‘ಚೋಸೆ’, ಚಿರಾಯು ಅನ್ನಬಹುದು. ಇದರಲ್ಲಿ ಕೋ ಕೂಡ ಇಲ್ಲ. ಕಲ್ಲು ಬಲಿ ಕೊಡುವುದು, ಎದುರಾಳಿ ಎತ್ತುವುದು, ಮತ್ತೆ ವಾಪಸ್ ಎತ್ತುವುದು ಹೀಗೆ ನಡೆದು ನಾಲ್ಕು ನಡೆಯಲ್ಲಿ ಬೋರ್ಡ್ ಮೊದಲಿದ್ದ ಹಾಗೇ ಆಗುತ್ತದೆ. ಒಬ್ಬರು ಒಂದು ನಡೆ ತಪ್ಪಿಸಿದರೂ ಅವರ ಗುಂಪು ಹೋಯಿತು. ಸೆಕಿಯಲ್ಲಿ ಇಬ್ಬರೂ ಕೈ ಕಟ್ಟಿ ಕೂತು ಬದುಕುತ್ತಾರೆ, ಇಲ್ಲಿ ಇಬ್ಬರೂ ನಿಲ್ಲದೆ ಆಡುತ್ತಲೇ ಬದುಕಬೇಕು. 1993ರಲ್ಲಿ ಜಪಾನಿನ ಹೊನಿನ್‌ಬೊ ಲೀಗ್‌ನಲ್ಲಿ ರಿನ್ ಕೈಹೊ ಮತ್ತು ಕೊಮಾತ್ಸು ಹಿದೆಕಿ ನಡುವೆ ಇದು ಬಂತು. 2013ರಲ್ಲಿ ಕೊರಿಯಾದ ಲೀಗ್‌ನಲ್ಲಿ ಚೊಯ್ ಚೊಲ್‌ಹಾನ್ ಮತ್ತು ಆನ್ ಸಾಂಗ್‌ಜುನ್ ನಡುವೆಯೂ ಬಂತು. ವೃತ್ತಿಪರರ ಆಟದಲ್ಲಿ ಇದನ್ನು ಬೆರಳಲ್ಲಿ ಎಣಿಸಬಹುದು.

ಹಳೆಯ ಕಥೆಯೂ ಒಂದಿದೆ. 1582ರಲ್ಲಿ ಕ್ಯೋಟೊದ ಹೊನ್ನೊಜಿ ದೇವಾಲಯದಲ್ಲಿ ಆಗಿನ ಜಪಾನಿನ ಬಲಿಷ್ಠ ಸೇನಾನಾಯಕ ಓಡಾ ನೊಬುನಾಗನ ಮುಂದೆ ಸಾನ್ಸ ಮತ್ತು ರಿಗೆನ್ ಅನ್ನುವ ಆಟಗಾರರು ಆಡಿದ ಆಟದಲ್ಲಿ ಮೂರು ಕೋ ಬಿದ್ದು ಆಟ ನಿಂತಿತಂತೆ. ಮರುದಿನ ಬೆಳಗ್ಗೆ ಅವನದೇ ಸೇನಾಧಿಕಾರಿ ಅಕೆಚಿ ಮಿತ್ಸುಹಿದೆ ದಾಳಿ ಮಾಡಿ ನೊಬುನಾಗ ಅಲ್ಲೇ ಸತ್ತ. ದಾಳಿ ಇತಿಹಾಸ. ಮೂರು ಕೋ ಮಾತ್ರ ದಂತಕಥೆ ಅಂತಲೇ ನಾನು ಓದುತ್ತೇನೆ, ಯಾಕೆಂದರೆ ಆ ಆಟದ್ದು ಎಂದು ಹೇಳುವ ದಾಖಲೆಯಲ್ಲಿ ಮೂರು ಕೋ ಕಾಣುವುದಿಲ್ಲ. ಆದರೂ ಮೂರು ಕೋ ಬಿದ್ದರೆ ಅಪಶಕುನ ಅನ್ನುವ ಮಾತು ಅಲ್ಲಿಂದಲೇ ಹರಡಿತು.

ಪ್ರಶ್ನೆ: ಕಂಪ್ಯೂಟರ್ ಈಗ ವಿಶ್ವ ಚಾಂಪಿಯನ್ನರನ್ನೇ ಸೋಲಿಸುತ್ತದೆ. ಅದಕ್ಕೆ ಸೆಕಿ ಎಲ್ಲ ಪಕ್ಕಾ ಗೊತ್ತಿರುತ್ತದೆ ಅಲ್ವಾ?
ಬೆಂಗಳೂರು

ಸಾಮಾನ್ಯ ಸೆಕಿ ಗೊತ್ತಿರುತ್ತದೆ. ವಿಚಿತ್ರವಾದದ್ದು ಬಂದಾಗ ಎಡವಬಹುದು.

1713ರಲ್ಲಿ ಜಪಾನಿನ ಇನೊವೆ ಅನ್ನುವ ಗೋ ಮನೆತನದ ಯಜಮಾನ ಡೋಸೆತ್ಸು ಇನ್‌ಸೆಕಿ ‘ಇಗೊ ಹಾತ್ಸುಯೊರೊನ್’ ಅನ್ನುವ ಸಮಸ್ಯೆಗಳ ಸಂಗ್ರಹ ಮಾಡಿದ. ಅದರ 120ನೇ ಸಮಸ್ಯೆ ಗೋ ಲೋಕದ ಅತಿ ಕಷ್ಟದ ಸಮಸ್ಯೆ ಅಂತ ಹೆಸರಾಗಿದೆ. ಅದರ ಹೃದಯದಲ್ಲಿರುವುದು ‘ಹಾನೆ ಸೆಕಿ’ ಅನ್ನುವ ಅಪರೂಪದ ಸೆಕಿ. ಮಾಮೂಲಿ ಸೆಕಿಯಲ್ಲಿ ಉಸಿರು ಒಂದೋ ಎರಡೋ ಉಳಿದಿರುತ್ತದೆ, ನೋಡಿದ ತಕ್ಷಣ ಗೊತ್ತಾಗುತ್ತದೆ. ಹಾನೆ ಸೆಕಿಯಲ್ಲಿ ಇಬ್ಬರಿಗೂ ಇನ್ನೂ ಸಾಕಷ್ಟು ಉಸಿರಿದೆ, ಯಾರು ಯಾರ ಉಸಿರನ್ನು ಮೊದಲು ಮುಚ್ಚುತ್ತಾರೆ ಅನ್ನುವ ಓಟದ ಪಂದ್ಯ ಇನ್ನೂ ಶುರುವೇ ಆಗಿಲ್ಲ ಅನ್ನುವ ಹಾಗೆ ಕಾಣುತ್ತದೆ. ಆದರೆ ಮೊದಲು ಹತ್ತಿರ ಹೋದವನು ಒಂದೇ ಒಂದು ಉಸಿರಿನಷ್ಟು ಹಿಂದೆ ಬೀಳುತ್ತಾನೆ. ಜಗಳ ಶುರುವಾಗುವ ಮೊದಲೇ ಸೆಕಿ! ಗೋ ಆಡುವ ಕಾಟಾಗೋ ಪ್ರೋಗ್ರಾಂ ಬರೆದ ಡೇವಿಡ್ ವೂ 2019ರಲ್ಲಿ ಈ ಒಂದು ಸಮಸ್ಯೆಗಾಗಿಯೇ ತಮ್ಮ ಪ್ರೋಗ್ರಾಂನ ಒಂದು ಪ್ರತಿಗೆ ಬೇರೆ ತರಬೇತಿ ಕೊಟ್ಟರು. ಮಾಮೂಲಿ ಆಟದಿಂದ ಕಲಿತ ಬುದ್ಧಿ ಅಲ್ಲಿ ಸಾಲುತ್ತಿರಲಿಲ್ಲ. ಮುನ್ನೂರು ವರ್ಷದ ಹಿಂದೆ ಕಲ್ಲು, ಮರದ ಬೋರ್ಡು ಇಟ್ಟುಕೊಂಡು ಒಬ್ಬ ಮನುಷ್ಯ ಅದನ್ನು ಕಟ್ಟಿದ್ದ ಅನ್ನುವುದು ನನಗೆ ಈಗಲೂ ಮೈ ಜುಮ್ಮೆನ್ನಿಸುತ್ತದೆ.

2023ರ ಫೆಬ್ರವರಿಯಲ್ಲಿ ಅಮೆರಿಕದ ಹವ್ಯಾಸಿ ಆಟಗಾರ ಕೆಲಿನ್ ಪೆಲ್ರಿನ್ ಅದೇ ಕಾಟಾಗೋವನ್ನು 15ರಲ್ಲಿ 14 ಆಟ ಸೋಲಿಸಿದ್ದೂ ಇಂಥದೇ ಸಂದಿಯಲ್ಲಿ. ಅದು ಸೆಕಿ ಅಲ್ಲ, ಆದರೆ ಹತ್ತಿರದ ನೆಂಟ. ಉಂಗುರದ ಹಾಗೆ ಸುತ್ತಿ ಬಂದ ಗುಂಪಿನ ಉಸಿರನ್ನು ಯಂತ್ರ ತಪ್ಪಾಗಿ ಅಂದಾಜು ಮಾಡಿತು, ತನ್ನ ದೊಡ್ಡ ಗುಂಪು ಸಾಯುವವರೆಗೂ ಅದಕ್ಕೆ ಅಪಾಯ ಕಾಣಲಿಲ್ಲ. ಹೀಗೆ ಉಂಗುರವಾಗಿ ಸುತ್ತಿದ ಗುಂಪುಗಳಲ್ಲೇ ‘ಎರಡು ತಲೆಯ ಡ್ರ್ಯಾಗನ್’ ಅಂತ ಒಂದಿದೆ. ಅದರ ಎರಡು ಕಣ್ಣೂ ಸುಳ್ಳು ಕಣ್ಣು, ಅಂದರೆ ಕಣ್ಣಿನ ಹಾಗೆ ಕಂಡರೂ ಗಟ್ಟಿಯಲ್ಲದ್ದು, ಬಿಡಿಬಿಡಿಯಾಗಿ ನೋಡಿದರೆ ಎರಡೂ ಒಡೆಯಬೇಕು. ಆದರೆ ಉಂಗುರ ಪೂರ್ತಿಯಾಗಿರುವುದರಿಂದ ಕಲ್ಲುಗಳು ಇನ್ನೊಂದು ಕಡೆಯಿಂದ ಸೇರಿಕೊಂಡಿರುತ್ತವೆ, ಗುಂಪು ಬದುಕುತ್ತದೆ.

ಪ್ರಶ್ನೆ: ನನಗೆ 14 ವರ್ಷ. ಸೆಕಿ ಆದರೆ ಜಪಾನಿನ ನಿಯಮದಲ್ಲಿ ಅಂಕವೇ ಇಲ್ಲ ಅಂತೀರಿ. ಹಾಗಾದರೆ ಸೆಕಿ ಮಾಡಿಕೊಳ್ಳುವುದೂ ಸಾಯುವುದೂ ಒಂದೇ ತಾನೇ?
ಧಾರವಾಡ

ಒಂದೇ ಅಲ್ಲ ಪುಟ್ಟಾ, ಲೆಕ್ಕ ಹಾಕಿ ನೋಡೋಣ. ಮೊದಲನೇ ಪ್ರಶ್ನೆಯಲ್ಲಿ ಮೂಲೆಯ ಏಳು ಕಪ್ಪು ಕಲ್ಲು ಇಟ್ಟೆವಲ್ಲ, ಅದನ್ನೇ ತಗೋ. ಸೆಕಿ ಆದಾಗ ನಿನಗೂ ಸೊನ್ನೆ, ಎದುರಾಳಿಗೂ ಸೊನ್ನೆ. ಆ ಏಳು ಕಲ್ಲು ಸತ್ತಿತು ಅಂದುಕೋ. ಎದುರಾಳಿಗೆ ಏಳು ಕಲ್ಲು ಸೆರೆ ಸಿಕ್ಕಿತು, ಅವು ಇದ್ದ ಏಳು ಜಾಗ ಸಿಕ್ಕಿತು, 1 ಮತ್ತು 5ರ ಎರಡು ಖಾಲಿ ಜಾಗವೂ ಸಿಕ್ಕಿತು. ಒಟ್ಟು 16 ಅಂಕ. ಜಪಾನಿನಲ್ಲಿ ಕಪ್ಪು ಬಿಳಿಗೆ ಕೊಡುವ ಕೊಮಿಯೇ 6.5. ಅದರ ಎರಡು ಪಟ್ಟಿಗಿಂತ ಜಾಸ್ತಿ ಅಂಕ ಆ ಒಂದು ಮೂಲೆಯಲ್ಲಿ ಉಳಿಯಿತು.

ಇನ್ನೂ ಒಂದು ಲೆಕ್ಕ ಇದೆ, ಇದನ್ನು ನೀನೇ ಬೋರ್ಡಿನಲ್ಲಿ ಮಾಡು. ಅಂಚಿನಲ್ಲಿ ಐದು ಜಾಗದ ಬದಲು ಆರು ಜಾಗ ಕೊಡು, ಮಧ್ಯೆ ಸಾಲಾಗಿ ನಾಲ್ಕು ಬಿಳಿ ಕಲ್ಲು ಇಡು, ಎರಡು ತುದಿ ಖಾಲಿ ಬಿಡು, ಹೊರಗಿನ ಬೇಲಿ ಮೊದಲಿನ ಹಾಗೇ. ಕಪ್ಪು ಮೊದಲು ಆಡಿದರೆ ಏನು, ಬಿಳಿ ಮೊದಲು ಆಡಿದರೆ ಏನು, ಎರಡನ್ನೂ ಬರೆದು ಕಳಿಸು. ಮುಂದಿನ ಸಂಚಿಕೆಯಲ್ಲಿ ನಿನ್ನ ಉತ್ತರದಿಂದಲೇ ಶುರು ಮಾಡುತ್ತೇನೆ.